ಹಸಿದ ನೀರು

ನಾನ್ಕೊಕು, ಕೋಚಿ
ಮೇ 18, 1986

ಇತ್ಸುಕೊಗೆ,

ಪತ್ರ ಬರೆಯುವಾಗ ಮೊದಲು ಹವಾಮಾನದ ವಿಚಾರ ಬರೆಯಬೇಕೆಂದು ನಿನ್ನ ತಾಯಿ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಾಳೆ. ಬರೆದೆ ಎಂದುಕೋ. ಬಿಸಿಲಿದೆ. ಗದ್ದೆಯಲ್ಲಿ ಕಪ್ಪೆಗಳಿವೆ, ಎಂದಿನಂತೆ ಗಲಾಟೆ ಮಾಡುತ್ತಿವೆ.

ಎರಡು ವರ್ಷವಾದ ಮೇಲೆ ಈ ಪತ್ರ ಏಕೆ ಎಂದು ಕೇಳಬೇಡ. ನನಗೊಂದು ಮಾಹಿತಿ ಬೇಕಾಗಿದೆ, ಅಷ್ಟೆ.

ಹೋದ ಭಾನುವಾರ ಕೇರಿಯವರೆಲ್ಲ ಸೇರಿ ಕಾಲುವೆ ಶುಚಿ ಮಾಡುತ್ತಿದ್ದೆವು. ಹೆಂಚಿನ ಅಂಗಡಿ ಹಮಾಗುಚಿ ನನ್ನ ಪಕ್ಕದಲ್ಲೇ ಗುದ್ದಲಿ ಹಿಡಿದು ಕೆಲಸದ ಸೋಗು ಹಾಕುತ್ತಿದ್ದ.

"ಮಸುಕಿಚಿ-ಸಾನ್, ನಿಮ್ಮ ಮಗಳು ತೋಕ್ಯೋದಲ್ಲಿ ಏನ್ ಮಾಡ್ಕೊಂಡಿದಾಳೆ?"

"ಮಣ್ಣು ತೂಗ್ತಾಳೆ."

"ಅಯ್ಯೋ ಪಾಪ. ಬೇರೆ ಕೆಲಸ ಸಿಗ್ಲಿಲ್ವಾ?"

"ಅಂಥಿಂಥ ಮಣ್ಣಲ್ಲ ಕಣಯ್ಯಾ. ಸಮುದ್ರದ ತಳದ್ದು."

"ಓ, ಒದ್ದೆ ಮಣ್ಣು ಅನ್ನಿ."

ಹದಿನಾಲ್ಕನೇ ವಯಸ್ಸಿನಲ್ಲಿ ಬೆನ್ನ ಮೇಲೆ ಕಲ್ಲು ಹೊತ್ತು ಶುರು ಮಾಡಿದವನು ನಾನು. ಈಗ ನನ್ನ ಸುಣ್ಣದ ಗೂಡು ಈ ಜಿಲ್ಲೆಯ ಅರ್ಧ ಗೋಡೆಗಳಿಗೆ ಗಾರೆ ಕೊಡುತ್ತದೆ. ಇಷ್ಟು ವರ್ಷದಲ್ಲಿ ಯಾರಿಗೂ ಉತ್ತರ ಕೊಡಲಾಗದೆ ನಿಂತವನಲ್ಲ. ಆ ದಿನ ನಿಂತೆ. ಆದ್ದರಿಂದ ನಿನ್ನ ಕೆಲಸವೇನೆಂದು ಮೂರು ಸಾಲಿನಲ್ಲಿ ಬರೆದು ಕಳಿಸು. ಬಾಯಿಪಾಠ ಮಾಡಲು ಸುಲಭವಾಗಿರಲಿ.

ನಮ್ಮ ಒಪ್ಪಂದವನ್ನು ನೆನಪಿಸಬೇಕಾಗಿಲ್ಲ, ಆದರೂ ನೆನಪಿಸುತ್ತೇನೆ. ಬರುವ ಏಪ್ರಿಲ್ ಒಳಗೆ ನಿನಗೆ ಅಲ್ಲಿ ಕಾಯಂ ಹುದ್ದೆ ಆಗಬೇಕು. ಆಗದಿದ್ದರೆ ಊರಿಗೆ ಬಂದು ಗೂಡು ನೋಡಿಕೊಳ್ಳಬೇಕು. ಹೇಳಿದವಳು ನೀನು, ತಲೆಯಾಡಿಸಿದವನು ನಾನು. ನಿನ್ನ ತಾಯಿ ಅಲ್ಲೇ ಮೂಲಂಗಿ ತುರಿಯುತ್ತಿದ್ದಳು, ಅವಳೇ ಸಾಕ್ಷಿ.

ಇತಿ,
ಕುಸುನೋಸೆ ಮಸುಕಿಚಿ
ಕುಸುನೋಸೆ ಸುಣ್ಣದ ಗೂಡು

ಅಮ್ಮನಿಂದ: ಮೇ ತಿಂಗಳ ರಜೆಗೆ ಬರುತ್ತೀಯೆಂದು ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೆ. ಪರವಾಗಿಲ್ಲ, ಹಾಸಿಗೆಗೂ ಬಿಸಿಲು ಬೇಕಿತ್ತು.


ತೋಕ್ಯೋ
ಜೂನ್ 7, 1986

ಅಪ್ಪನಿಗೆ,

ಮಳೆಗಾಲ ಇನ್ನೂ ಶುರುವಾಗಿಲ್ಲ, ಆದರೆ ಇಲ್ಲಿ ಒಗೆದ ಬಟ್ಟೆಗಳು ಆಗಲೇ ಒಣಗುವುದನ್ನು ಬಿಟ್ಟಿವೆ. ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು ಯಾರಿಗೋ ಏನೋ ಆಗಿದೆ ಎಂದು ಹೆದರಿದ್ದೆ. ಕಪ್ಪೆಗಳ ಸುದ್ದಿ ಓದಿ ಸಮಾಧಾನವಾಯಿತು.

ಹಮಾಗುಚಿ-ಸಾನ್‌ಗೆ ಮೂರು ಸಾಲು: ಕಡಲಿನ ತಳದಲ್ಲಿ ಹಳೆಯ ಕಾಲದ ಹವಾಮಾನ ಪದರ ಪದರವಾಗಿ ಬಿದ್ದಿದೆ. ಹಡಗಿನಿಂದ ಉದ್ದದ ಕೊಳವೆ ಇಳಿಸಿ ಆ ಪದರಗಳನ್ನು ಕೆಡದಂತೆ ಎತ್ತುತ್ತೇವೆ. ಪ್ರತಿ ಪದರದಲ್ಲಿ ಸುಣ್ಣ ಎಷ್ಟಿದೆ ಎಂದು ನಿಮ್ಮ ಮಗಳು ತೂಗುತ್ತಾಳೆ.

ಸುಣ್ಣ ಎಂಬ ಮಾತನ್ನು ನಿಮಗಾಗಿ ಹಾಕಿದೆ. ಇಲ್ಲಿ ಕಾರ್ಬೊನೇಟ್ ಅನ್ನುತ್ತೇವೆ. ನೀವು ಗೂಡಿಗೆ ಹಾಕುವ ಮುನ್ನ ಇರುತ್ತದಲ್ಲ, ಆ ಸುಡದ ಕಲ್ಲು, ಅದೇ ವಸ್ತು. ಸಮುದ್ರದ ಮೇಲ್ಭಾಗದಲ್ಲಿ ಮರಳಿನ ಕಣಕ್ಕಿಂತ ಸಣ್ಣ ಜೀವಿಗಳಿವೆ, ಅವಕ್ಕೆ ಸುಣ್ಣದ ಚಿಪ್ಪು. ಸತ್ತ ಮೇಲೆ ಆ ಚಿಪ್ಪುಗಳು ಹಗಲೂ ರಾತ್ರಿ ಹಿಮ ಬಿದ್ದಂತೆ ಕೆಳಗೆ ಬೀಳುತ್ತಿರುತ್ತವೆ. ಆದರೆ ಆಳದ ತಣ್ಣನೆಯ ನೀರು ಹುಳಿಯಾಗಿದ್ದರೆ ಅವುಗಳನ್ನು ಕರಗಿಸಿಬಿಡುತ್ತದೆ. ಎಷ್ಟು ಚಿಪ್ಪು ಉಳಿದಿದೆ ಎಂದು ತೂಗಿದರೆ ಆ ಕಾಲದ ನೀರು ಎಷ್ಟು ಹುಳಿಯಾಗಿತ್ತು, ಗಾಳಿಯಲ್ಲಿದ್ದ ಇಂಗಾಲದ ಅನಿಲದಲ್ಲಿ ಎಷ್ಟನ್ನು ಸಮುದ್ರ ನುಂಗಿ ಇಟ್ಟುಕೊಂಡಿತ್ತು ಎಂಬುದರ ಸುಳಿವು ಸಿಗುತ್ತದೆ. ನಮ್ಮ ಕಡಲಿನಲ್ಲಿ ಹಿಮಯುಗದ ಮಣ್ಣು ಬಿಳಿ, ಬೆಚ್ಚಗಿನ ಕಾಲದ ಮಣ್ಣು ಕಂದು. ನನ್ನ ಕೊಳವೆ ಒಂಬತ್ತು ಮೀಟರ್ ಉದ್ದ. ಒಂದು ಸೆಂಟಿಮೀಟರ್ ಸೇರಲು ಆರುನೂರು ವರ್ಷ ಹಿಡಿದಿದೆ. ಬಿಳಿ, ಕಂದು, ಬಿಳಿ, ಕಂದು. ನೋಡಿದರೆ ನೀವು ಗೂಡಿನಲ್ಲಿ ಕಲ್ಲು, ಕಲ್ಲಿದ್ದಲು, ಚೆನ್ನಾಗಿ ಸುಡಲೆಂದು ಉಪ್ಪು ಎಂದು ಪದರ ಹಾಕುವುದು ನೆನಪಾಗುತ್ತದೆ.

ಈಗ ದೊಡ್ಡ ಸುದ್ದಿ. ಎರಡು ಮೀಟರ್ ಮೂವತ್ತರಿಂದ ಎರಡು ಮೀಟರ್ ತೊಂಬತ್ತರವರೆಗಿನ ಏಳು ಮಾದರಿಗಳಲ್ಲಿ, ಅಂದರೆ ಸುಮಾರು ಒಂದೂವರೆ ಲಕ್ಷ ವರ್ಷದ ಹಿಂದಿನ ಹಿಮಯುಗದಲ್ಲಿ, ಸುಣ್ಣ ಇಲ್ಲವೆಂದೇ ಅನ್ನಬೇಕು! ಬೇರೆಯವರ ಕೊಳವೆಗಳಲ್ಲಿ ಅಲ್ಲಿ ನೂರಕ್ಕೆ ಅರವತ್ತು ಪಾಲು ಇದೆ. ನನ್ನದರಲ್ಲಿ ಎಂಟು. ಕಣ್ಣಿಗೆ ಮಣ್ಣು ಬಿಳಿಯಾಗಿಯೇ ಕಾಣುತ್ತದೆ. ಅದು ಸುಣ್ಣವಲ್ಲ, ಗಾಜಿನಂಥ ಚಿಪ್ಪಿರುವ ಬೇರೆ ಜೀವಿಗಳ ಬಿಳಿ ಇರಬೇಕು ಅನ್ನುತ್ತಾರೆ ನಮ್ಮ ಪ್ರಾಧ್ಯಾಪಕರು, ಉಡಾಕ ಸೆನ್ಸೆ. ಆ ಹಿಮಯುಗದಲ್ಲಿ ಮಾತ್ರ ಸಮುದ್ರ ಬೇರೆ ರೀತಿ ನಡೆದುಕೊಂಡಿದೆ ಎಂದು ಅವರು ಹತ್ತು ವರ್ಷದಿಂದ ವಾದಿಸುತ್ತಿದ್ದರು, ಪುರಾವೆ ಇರಲಿಲ್ಲ. ಮೊನ್ನೆ ಅವರು ನನಗೆ ಚಹಾ ಮಾಡಿಕೊಟ್ಟರು. ಅವರಿಗೆ ಚಹಾ ಮಾಡಲು ಬರುತ್ತದೆ ಎಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಸೆಂದೈಯಲ್ಲಿ ಸಮ್ಮೇಳನ. ಹದಿನೈದು ನಿಮಿಷ ನಾನೇ ಮಾತನಾಡಬೇಕು. ಏಪ್ರಿಲ್‌ನಲ್ಲಿ ಇಲ್ಲೊಂದು ಕಾಯಂ ಹುದ್ದೆ ಖಾಲಿಯಾಗುತ್ತದೆ. ಉಮೇದುವಾರರು ಇಬ್ಬರೇ, ನಾನು ಮತ್ತು ಸೆಗಾವಾ. ಸೆಗಾವಾ ಸೂಕ್ಷ್ಮದರ್ಶಕದಲ್ಲಿ ಚಿಪ್ಪು ಎಣಿಸುವವನು. ಅವನು ಇನ್ನೂ ಮೊದಲ ಮೀಟರಿನಲ್ಲೇ ಇದ್ದಾನೆ.

ಒಪ್ಪಂದ ನನಗೂ ನೆನಪಿದೆ.

ಇತ್ಸುಕೊ


ನಾನ್ಕೊಕು
ಜೂನ್ 29, 1986

ಇತ್ಸುಕೊಗೆ,

ಮಳೆ. ಗೂಡಿನ ಅಂಗಳದಲ್ಲಿ ಒಂದು ಕಪ್ಪೆ ಸುಣ್ಣದ ಮೂಟೆಯ ಮೇಲೆ ಕೂತು ನನ್ನನ್ನು ಬಾಡಿಗೆದಾರನಂತೆ ನೋಡುತ್ತಿದೆ.

ಮೂರು ಸಾಲು ಬಾಯಿಪಾಠವಾಯಿತು. ಹಮಾಗುಚಿಗೆ ಹೇಳಿದೆ. "ಹಾಗಾದ್ರೆ ಸಮುದ್ರದ ಕೆಳಗೂ ನಿಮ್ದೇ ಸರಕಾ?" ಎಂದು ಕೇಳಿದ. ಹೌದು, ನಮ್ಮದೇ ಎಂದೆ. ಆಮೇಲೆ ಕ್ಷೌರದಂಗಡಿಯಲ್ಲೂ ಹೇಳಿದೆ, ಅಂಚೆ ಕಚೇರಿಯಲ್ಲೂ ಹೇಳಿದೆ. ಒಂದಿಡೀ ಹಿಮಯುಗದ ಸುಣ್ಣ ಕಾಣೆಯಾಗಿದ್ದನ್ನು ನನ್ನ ಮಗಳು ಕಂಡುಹಿಡಿದಳು ಎಂದೂ ಹೇಳಿದೆ. ಅಂಚೆಯವನು "ಸಿಕ್ತಾ ಆಮೇಲೆ?" ಎಂದ.

ಇಂಗಾಲದ ಅನಿಲದ ವಿಚಾರ ಬರೆದೆಯಲ್ಲ, ಅದನ್ನು ನಾಲ್ಕು ಸಲ ಓದಿದೆ. ನೂರು ಕಿಲೋ ಕಲ್ಲು ಸುಟ್ಟರೆ ನನಗೆ ಸಿಗುವುದು ಐವತ್ತಾರು ಕಿಲೋ ಸುಣ್ಣ. ಮಿಕ್ಕ ನಲವತ್ತನಾಲ್ಕು ಕಿಲೋವನ್ನು ಗಾಡಿಯವರು ದಾರಿಯಲ್ಲಿ ಇಳಿಸಿಕೊಳ್ಳುತ್ತಾರೆ ಎಂದು ಮೊದಲ ವರ್ಷವೆಲ್ಲ ಅವರ ಮೇಲೆ ಕಣ್ಣಿಟ್ಟಿದ್ದೆ. ಅದು ಗಾಳಿಗೆ ಹೋಗುತ್ತದೆ, ಗೋಡೆಗೆ ಬಳಿದ ಗಾರೆ ಒಣಗುತ್ತಾ ಮತ್ತೆ ಅದನ್ನೇ ಉಸಿರೆಳೆದುಕೊಂಡು ಕಲ್ಲಾಗುತ್ತದೆ ಎಂದು ಆಮೇಲೆ ಯಾರೋ ಹೇಳಿದರು. ಹಾಗಾದರೆ ನೀನೂ ನಾನೂ ಒಂದೇ ಸರಕಿನ ಬರುವುದು ಹೋಗುವುದನ್ನು ಕಾಯುತ್ತಿದ್ದೇವೆ. ನಿನ್ನ ಗೂಡು ಸ್ವಲ್ಪ ದೊಡ್ಡದು.

ಒಂದು ಪ್ರಶ್ನೆ. ಕಣ್ಣಿಗೆ ಬಿಳಿ, ತಕ್ಕಡಿಗೆ ಇಲ್ಲ ಎಂದರೆ ನನ್ನಂಥವನಿಗೆ ಕೈ ತುರಿಸುತ್ತದೆ. ಕೊಳವೆಯಿಂದ ತೆಗೆದ ಮಣ್ಣು ತಕ್ಕಡಿಗೆ ಬರುವವರೆಗೆ ಏನೇನು ಮಾಡುತ್ತೀ? ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಹೇಳುವಂತೆ ಒಂದನ್ನೂ ಬಿಡದೆ ಬರೆ.

ಮಸುಕಿಚಿ


ತೋಕ್ಯೋ
ಜುಲೈ 21, 1986

ಅಪ್ಪನಿಗೆ,

ಸೆಖೆ. ಪ್ರಯೋಗಾಲಯದಲ್ಲಿ ಮಣ್ಣಿಗೆ ಮಾತ್ರ ತಣ್ಣನೆಯ ಕೋಣೆ ಇದೆ. ನಾವು ಮಣ್ಣನ್ನು ನೋಡುವ ನೆವ ಹುಡುಕಿಕೊಂಡು ಒಳಗೆ ಹೋಗುತ್ತೇವೆ.

ಕೇಳಿದಿರಿ, ಬರೆಯುತ್ತೇನೆ. ಕೊಳವೆಯನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ಯಾರೂ ಮುಟ್ಟದಂತೆ ಕಾದಿಡುತ್ತೇವೆ, ಇನ್ನೊಂದರಲ್ಲಿ ಕೆಲಸ. ಹತ್ತು ಹತ್ತು ಸೆಂಟಿಮೀಟರಿಗೆ ಒಂದು ಚಿಟಿಕೆ ಮಣ್ಣು. ಅದರಲ್ಲಿ ಸಮುದ್ರದ ಉಪ್ಪಿರುತ್ತದೆ. ಹಾಗೇ ಒಣಗಿಸಿದರೆ ಉಪ್ಪಿನ ತೂಕವೂ ಸೇರಿ ಲೆಕ್ಕ ಕೆಡುತ್ತದೆ, ಆದ್ದರಿಂದ ತೊಳೆಯಬೇಕು. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕದಡಿ, ಕೆಳಗೆ ಕೂರಲು ಬಿಟ್ಟು, ಮೇಲಿನ ನೀರು ಚೆಲ್ಲುವುದು. ಆಮೇಲೆ ಒಣಗಿಸಿ, ಪುಡಿ ಮಾಡಿ, ತೂಗಿ, ಆಮ್ಲ ಹಾಕುವುದು. ಎಷ್ಟು ಅನಿಲ ಬಂತು ಎಂದು ಅಳೆದರೆ ಸುಣ್ಣ ಎಷ್ಟಿತ್ತು ಎಂದು ತಿಳಿಯುತ್ತದೆ.

ಬೇರೆಯವರು ಒಂದೇ ನೀರಿನಲ್ಲಿ ಮುಗಿಸುತ್ತಾರೆ. ನಾನು ಮಾತ್ರ ಮೂರು ನೀರು. ಕಡಲತೀರದ ಮರಳನ್ನು ನನ್ನ ಕೈಲಿ ತೊಳೆಸುತ್ತಾ ನೀವು ಹೇಳುತ್ತಿದ್ದಿರಲ್ಲ, "ಉಪ್ಪು ಉಳಿದ್ರೆ ಗೋಡೆ ಬೆವರುತ್ತೆ, ಮೂರು ನೀರು ಹಾಕು, ನಾಲಿಗೆಗೆ ಸಿಗಬಾರದು" ಎಂದು. ಕೈ ಅದನ್ನು ಮರೆತಿಲ್ಲ. ಸೆನ್ಸೆ ಎಲ್ಲರ ಮುಂದೆ ನನ್ನ ತೊಳೆಯುವಿಕೆಯನ್ನು ಹೊಗಳಿದ್ದಾರೆ.

ಆ ಏಳು ಮಾದರಿಗಳಿಗಂತೂ ಇನ್ನೂ ಹೆಚ್ಚಿನ ಆರೈಕೆಯಾಯಿತು. ಮೇ ರಜೆಯ ವಾರ ಎಲ್ಲರೂ ಊರಿಗೆ ಹೋಗಿದ್ದರು, ನಾನೊಬ್ಬಳೇ ಇದ್ದೆ. ಬೇರೆ ಕೆಲಸವಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಅವುಗಳಿಗೆ ಹೊಸ ನೀರು ಹಾಕಿ, ಕಿಟಕಿ ಬಳಿ ಕೂತು ಅನ್ನದುಂಡೆ ತಿಂದು ಹೋಗುತ್ತಿದ್ದೆ. ಏಳು ದಿನ, ಏಳು ನೀರು. ಅಷ್ಟು ಶುಚಿಯಾದ ಮಾದರಿ ಈ ಕಟ್ಟಡದಲ್ಲೇ ಇಲ್ಲ.

ಅಮ್ಮನಿಗೆ ಹೇಳಿ, ಹಾಸಿಗೆಯ ವಿಚಾರ ಓದಿದೆ.

ಇತ್ಸುಕೊ


ನಾನ್ಕೊಕು
ಸೆಪ್ಟೆಂಬರ್ 2, 1986

ಇತ್ಸುಕೊಗೆ,

ಬಿರುಗಾಳಿ ಬಂದು ಹೋಯಿತು. ಹಮಾಗುಚಿಯ ಅಂಗಡಿ ಮಾಡಿನ ಹೆಂಚುಗಳೇ ಹಾರಿದವು. ಊರಿಗೆಲ್ಲ ಸಂತೋಷ.

ಉತ್ತರ ತಡವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಗೀಟು ಕಾಣುತ್ತದೆ ನೋಡು. ಕೆಲಸ ಹೆಚ್ಚಿರಲಿಲ್ಲ.

ನಿನ್ನ ಪತ್ರದಲ್ಲಿ "ಏಳು ನೀರು" ಎಂದು ಓದಿದಾಗ ಬಾಯಲ್ಲಿದ್ದ ಮೀನಿನ ತುಂಡು ಬಾಯಲ್ಲೇ ಉಳಿಯಿತು. ನಮ್ಮ ಕಸುಬಿನಲ್ಲಿ ನೀರಿನಲ್ಲಿ ಎರಡು ಜಾತಿ. ಸುಣ್ಣದ ಗುಂಡಿಯಲ್ಲಿ ನಿಂತ ನೀರು ಉಂಡ ನೀರು. ಅದರಲ್ಲಿ ಸುಣ್ಣದ ಕಲ್ಲು ಹತ್ತು ವರ್ಷ ಇಟ್ಟರೂ ಸವೆಯುವುದಿಲ್ಲ. ಮಳೆ ನೀರು, ಬೆಟ್ಟದ ತೊರೆಯ ನೀರು ಹಸಿದ ನೀರು. ಒಳಗೆ ಏನೂ ಇಲ್ಲದ್ದರಿಂದ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ನಮ್ಮ ಬೆಟ್ಟದೊಳಗಿನ ಗುಹೆಗಳನ್ನೆಲ್ಲ ಕೊರೆದದ್ದು ಅದೇ. ನೀನು ಬರೆದ ಕಡಲಿನಾಳದ ಹುಳಿ ನೀರೂ ಅದೇ ಜಾತಿಯದು. ಬಟ್ಟಿ ಇಳಿಸಿದ ನೀರೆಂದರೆ ಅದಕ್ಕಿಂತ ಹಸಿದದ್ದು ಇನ್ನೊಂದಿಲ್ಲ.

ಬರೀ ಮಾತಿನಲ್ಲಿ ಹೇಳಬಾರದು ಎಂದು ಮಾಡಿ ನೋಡಿದೆ. ನಮ್ಮ ಗೂಡಿನ ಕೆಲಸಗಾರ ನಿಷಿಮೊರಿ ಲಾರಿಗೆಂದು ಬ್ಯಾಟರಿ ನೀರು ಇಟ್ಟಿರುತ್ತಾನೆ, ಅದೂ ಬಟ್ಟಿ ಇಳಿಸಿದ್ದೇ. ಔಷಧದಂಗಡಿಯ ತಕ್ಕಡಿ ಎರವಲು ತಂದೆ. ನಿನ್ನ ತಾಯಿಯ ಉಪ್ಪಿನಕಾಯಿ ಜಾಡಿಗಳು ಖಾಲಿ ಇದ್ದವು. ಸುಡದ ಕಲ್ಲಿನ ಪುಡಿ ಅರ್ಧ ಗ್ರಾಂ, ನೀರು ಒಂದು ಲೀಟರ್, ದಿನಾ ಹೊಸ ನೀರು, ಏಳು ದಿನ. ಅರ್ಧಕ್ಕಿಂತ ಕಡಿಮೆ ಉಳಿಯಿತು. ಗುಂಡಿಯ ನೀರಿನಲ್ಲಿ ಇಟ್ಟದ್ದು ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು. ನಂಬಿಕೆ ಬರಲಿಲ್ಲ. ಮತ್ತೆ ಏಳು ದಿನ ಮಾಡಿದೆ. ಅದೇ.

ನನ್ನ ಕಲ್ಲಿನ ಪುಡಿಗಿಂತ ನಿನ್ನ ಚಿಪ್ಪುಗಳು ಸಣ್ಣವು. ಬೇಗ ಹೋಗುತ್ತವೆ.

ತೊಳೆಯುವ ಮೊದಲು ಅವನ್ನು ತೂಗಿದ್ದೆಯಾ? ತೂಗಿರಲಿಕ್ಕಿಲ್ಲ. ಕೊಳವೆಯಲ್ಲಿ ಉಳಿದ ಮಣ್ಣಿನ ಮೇಲೆ ಒಂದು ಹನಿ ಆಮ್ಲ ಬಿಟ್ಟು ನೋಡು. ಬುಸ್ ಎಂದರೆ ಸುಣ್ಣ ಅಲ್ಲೇ ಇದೆ. ಸುಮ್ಮನಿದ್ದರೆ ನಾನು ಮುದುಕ, ನನಗೇನೂ ತಿಳಿಯದು, ಈ ಪತ್ರ ಹರಿದು ಹಾಕು.

ಯಾವ ದಡ್ಡ ನಿನಗೆ ಹಾಗೆ ತೊಳೆಯಲು ಕಲಿಸಿದ ಎಂದು ಬರೆಯಹೊರಟಿದ್ದೆ. ಆಮೇಲೆ ಯಾರೆಂದು ನೆನಪಾಯಿತು. ಮರಳು ಕರಗುವುದಿಲ್ಲ ಎಂದು ಆಗ ನಿನಗೆ ಬಿಡಿಸಿ ಹೇಳಬೇಕಿತ್ತು.

ಅಪ್ಪ


ತೋಕ್ಯೋ
ಸೆಪ್ಟೆಂಬರ್ 9, 1986

ಹವಾಮಾನ ಬಿಟ್ಟುಬಿಡುತ್ತೇನೆ.

ಸಮ್ಮೇಳನಕ್ಕೆ ಒಂದು ತಿಂಗಳಿದೆ. ಭಾಷಣದ ಸಾರಾಂಶ ಅಚ್ಚಾಗಿದೆ. ಏಪ್ರಿಲ್‌ನಲ್ಲಿ ನನಗೆ ಹುದ್ದೆ ಸಿಗದಿದ್ದರೆ ಲಾಭ ಯಾರಿಗೆ ಎಂದು ನನಗೂ ಲೆಕ್ಕ ಹಾಕಲು ಬರುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಹಿಮಯುಗ ಅಳೆಯುವುದು ಬೇಡ.

ಇತ್ಸುಕೊ


ನಾನ್ಕೊಕು
ಸೆಪ್ಟೆಂಬರ್ 15, 1986

ಇತ್ಸುಕೊ ಮಗಳೇ,

ಬೆಳಗಿನ ಗಾಳಿ ತಂಪಾಗಿದೆ. ಹೊಸ ಅಕ್ಕಿ ಬಂದಿದೆ, ಪ್ರತ್ಯೇಕವಾಗಿ ಕಳಿಸಿದ್ದೇನೆ. ಇದನ್ನು ನಿಮ್ಮಪ್ಪನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಅವರು ಗೂಡಿಗೆ ಬೆಂಕಿ ಹಾಕಲು ಹೋಗಿದ್ದಾರೆ, ಮೂರು ದಿನ ಅಲ್ಲಿಂದ ಕದಲುವುದಿಲ್ಲ.

ನಿನ್ನ ಪತ್ರವನ್ನು ಓದಿ ಮಡಿಸಿಟ್ಟರು. "ಹವಾಮಾನ ಬರೀಲಿಲ್ಲ ನೋಡು" ಎಂದರು, ಅಷ್ಟೆ.

ಆಗಸ್ಟ್ ತಿಂಗಳಿಡೀ ನನ್ನ ಅಡುಗೆಮನೆ ಹೇಗಿತ್ತು ಎಂದು ನೀನು ನೋಡಬೇಕಿತ್ತು. ಜಾಡಿಗಳ ಮೇಲೆ ಚೀಟಿ, ಚೀಟಿಯ ಮೇಲೆ ದಿನಾಂಕ, ಮುಟ್ಟಿದರೆ ಬೈಗುಳ. ಒಣಗಿಸಿದ ಹುಳಿಹಣ್ಣು ತುಂಬಿಡಲು ಜಾಡಿ ಇಲ್ಲದೆ ನಾನು ಬಕೆಟ್‌ನಲ್ಲಿ ಇಟ್ಟೆ. ಮೊದಲ ಸಲದ್ದು ಆಗಸ್ಟ್ ಎಂಟಕ್ಕೇ ಮುಗಿಯಿತು. ಅವರಿಗೆ ಅವತ್ತೇ ಗೊತ್ತಾಯಿತು. ಆಮೇಲೆ ಎರಡನೇ ಸಲ ಮಾಡಿದ್ದು ನಿನ್ನದೇ ಸರಿಯಾಗಿರಲಿ ಎಂಬ ಆಸೆಗೆ.

"ಬರೆದು ಹಾಕಿ, ಯಾಕೆ ಒದ್ದಾಡ್ತೀರಿ?" ಎಂದೆ.

"ಬರೆದ್ರೆ ಅವಳಿಗೆ ಹುದ್ದೆ ಹೋಗುತ್ತೆ. ಹೋದ್ರೆ ಇಲ್ಲಿಗೆ ಬರ್ತಾಳೆ."

"ನಿಮಗೆ ಬೇಕಾಗಿದ್ದೂ ಅದೇ ಅಲ್ವಾ?"

"ಅದಕ್ಕೇ ಬರೆಯೋಕೆ ಆಗ್ತಿಲ್ಲ ಕಣೇ."

ಪತ್ರವನ್ನು ಅಂಚೆ ಡಬ್ಬಿಯವರೆಗೆ ಮೂರು ಸಲ ಒಯ್ದು ಮೂರು ಸಲ ವಾಪಸು ತಂದರು. ನಾಲ್ಕನೇ ಸಲ ನಾನೇ ಜೊತೆಗೆ ಹೋದೆ. ಹಾಕಿದ ಮೇಲೆ ಡಬ್ಬಿಯೊಳಗೆ ಕೈ ಹೋಗುತ್ತದೆಯೇ ಎಂದು ನೋಡಿದರು. ಹೋಗಲಿಲ್ಲ.

ನಿಮ್ಮಪ್ಪ ಹೇಳಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಒಂದು ಹನಿ ಹಾಕಿ ನೋಡಲು ಎಷ್ಟು ಹೊತ್ತು ಬೇಕು?

ಅಮ್ಮ


ತೋಕ್ಯೋ
ಅಕ್ಟೋಬರ್ 1, 1986

ಅಪ್ಪನಿಗೆ, ಅಮ್ಮನಿಗೆ,

ಸಂಪಿಗೆಯಂಥ ಬಣ್ಣದ ಬಿಸಿಲು. ರಸ್ತೆಯಲ್ಲಿ ಯಾರದೋ ತೋಟದ ಹೂವಿನ ವಾಸನೆ ಬರುತ್ತಿದೆ, ಮರ ಎಲ್ಲಿದೆ ಎಂದು ಕಾಣುತ್ತಿಲ್ಲ.

ಅಮ್ಮನ ಪತ್ರ ಬಂದ ಮೇಲೂ ನಾಲ್ಕು ದಿನ ಹನಿ ಹಾಕಲಿಲ್ಲ. ಕೊಳವೆಯ ಪಕ್ಕದಿಂದ ಹೋಗುತ್ತಾ ಬರುತ್ತಾ ಇದ್ದೆ. ಐದನೇ ದಿನ ಊಟದ ಬಿಡುವಿನಲ್ಲಿ ಎರಡು ಮೀಟರ್ ಅರವತ್ತರ ಬಳಿ ಮಣ್ಣಿನ ಅಂಚಿಗೆ ಒಂದು ಹನಿ ಬಿಟ್ಟೆ.

ಬುಸ್ ಅಂದಿತು ಅಪ್ಪ. ಬಿಯರಿನಂತೆ ನೊರೆ ಬಂತು.

ಅದೇ ಜಾಗದಿಂದ ಹೊಸ ಮಾದರಿ ತೆಗೆದು, ತೊಳೆಯದೆ, ಉಪ್ಪಿನ ತೂಕವನ್ನು ಬೇರೆಯಾಗಿ ಕಳೆದು ಅಳೆದೆ. ನೂರಕ್ಕೆ ಅರವತ್ತೊಂದು. ಇನ್ನೊಂದು ಜಾಗದ್ದು ಐವತ್ತೊಂಬತ್ತು. ಕಾಣೆಯಾದ ಹಿಮಯುಗ ಅಲ್ಲೇ ಇತ್ತು. ನಾನೇ ಅದನ್ನು ದಿನಕ್ಕೊಂದು ಲೀಟರಿನಂತೆ ಬಚ್ಚಲಿಗೆ ಚೆಲ್ಲಿದ್ದೆ.

ಸೆನ್ಸೆಗೆ ಹೇಳಿದೆ. ಅವರು ಎರಡೂ ಅಂಕಿಗಳನ್ನು ತಾವೇ ಮತ್ತೊಮ್ಮೆ ಲೆಕ್ಕ ಹಾಕಿದರು.

"ಎರಡೇ ಮಾದರಿ. ಸಮ್ಮೇಳನಕ್ಕೆ ಹತ್ತು ದಿನ ಇದೆ. ಅಚ್ಚಾಗಿರೋದನ್ನ ಓದಿ, ಆಮೇಲೆ ಉಳಿದ ಐದನ್ನೂ ಅಳೆದು ನೋಡೋಣ ಅಂತಲೂ ಹೇಳಬಹುದು," ಎಂದರು.

"ಹೇಳ್ಬಹುದಾ, ಸೆನ್ಸೆ?"

"ಹೇಳಬಹುದು ಅಂದೆ. ಹೇಳಿ ಅನ್ನಲಿಲ್ಲ. ಓದೋರು ನೀವು, ಹೆಸರೂ ನಿಮ್ಮದು, ಕುಸುನೋಸೆ-ಸಾನ್."

ಅವತ್ತು ಅವರು ಚಹಾ ಮಾಡಲಿಲ್ಲ. ನಾನು ಮಾಡಿಕೊಟ್ಟೆ. ತೆಗೆದುಕೊಂಡರು.

ಸೆಪ್ಟೆಂಬರಿನ ನನ್ನ ಪತ್ರವನ್ನು ಹರಿದು ಹಾಕಿ.

ಇತ್ಸುಕೊ


(ಕಾರ್ಡು)
ನಾನ್ಕೊಕು
ಅಕ್ಟೋಬರ್ 5, 1986

ಮೋಡವಿದೆ.

ಸೆಂದೈ ವಿಚಾರದಲ್ಲಿ ನಾನು ಸಲಹೆ ಕೊಡುವುದಿಲ್ಲ. ಈ ವ್ಯವಹಾರದಲ್ಲಿ ನನಗೆ ಲಾಭವಿದೆ ಎಂದು ನೀನೇ ಬರೆದಿದ್ದೀಯೆ, ಸರಿಯಾಗಿಯೇ ಬರೆದಿದ್ದೀಯೆ. ಲಾಭವಿರುವವನ ಸಲಹೆ ಕೇಳಬಾರದು.

ಪತ್ರ ಹರಿಯಲಿಲ್ಲ. ಒಳ್ಳೆಯ ಕಾಗದ, ಹಿಂಬದಿ ಖಾಲಿ ಇದೆ.

ಅಪ್ಪ


ತೋಕ್ಯೋ
ಅಕ್ಟೋಬರ್ 20, 1986

ಅಪ್ಪನಿಗೆ, ಅಮ್ಮನಿಗೆ,

ಸೆಂದೈಯಲ್ಲಿ ಆಗಲೇ ಎಲೆ ಕೆಂಪಾಗಿತ್ತು. ನಾನು ಅದನ್ನು ನೋಡಿದ್ದು ಹಿಂದಿರುಗುವಾಗ. ಹೋಗುವಾಗ ಏನೂ ಕಾಣಿಸಿರಲಿಲ್ಲ.

ಇನ್ನೂರು ಜನರಿದ್ದರು. ಅಚ್ಚಾದ ಸಾರಾಂಶ ಎಲ್ಲರ ಕೈಯಲ್ಲಿತ್ತು. ನಾನು ಮೊದಲ ಚಿತ್ರ ಹಾಕಿ ಹೇಳಿದೆ, "ನಿಮ್ಮ ಕೈಲಿರೋ ಕಾಗದದಲ್ಲಿ ಒಂದು ಹಿಮಯುಗ ಕಾಣೆಯಾಗಿದೆ. ಅದು ಕಾಣೆಯಾಗಿದ್ದು ಸಮುದ್ರದಲ್ಲಲ್ಲ, ನನ್ನ ಬೀಕರಿನಲ್ಲಿ." ಯಾರೂ ನಗಲಿಲ್ಲ. ನಗುತ್ತಾರೆ ಎಂದುಕೊಂಡಿದ್ದೆ. ಉಳಿದ ಹದಿನಾಲ್ಕು ನಿಮಿಷ ನೀರು ಬದಲಿಸಿದ ಹಾಗೆಲ್ಲ ಎಷ್ಟೆಷ್ಟು ಸುಣ್ಣ ಹೋಗುತ್ತದೆ ಎಂದು ತೋರಿಸಿದೆ. ಹತ್ತು ದಿನದಲ್ಲಿ ಅಷ್ಟು ಮಾಡಿಕೊಂಡಿದ್ದೆ. ಸೆಗಾವಾ ತನ್ನ ಚಿಪ್ಪು ಎಣಿಸುವುದನ್ನು ಬಿಟ್ಟು ಬಂದು ಮಾದರಿ ತೂಗಿಕೊಟ್ಟ. ಕೇಳಿರಲಿಲ್ಲ, ತಾನಾಗಿಯೇ ಬಂದ.

ಪ್ರಶ್ನೆಯ ಹೊತ್ತಿಗೆ ಹಕೊದಾತೆಯ ಹೊಸೊಯಾ ಎಂಬ ಹಿರಿಯರು ಎದ್ದು ನಿಂತರು. ಗಿಡ್ಡಗೆ, ಟೋಪಿ ಕೈಯಲ್ಲಿ.

"ನೀವು ಎಷ್ಟು ದಿನ ನೆನೆಸಿದ್ರಿ?"

"ಏಳು ದಿನ."

"ನಾವು ಶನಿವಾರ ಸಾಯಂಕಾಲ ನೀರು ಹಾಕಿ ಸೋಮವಾರ ಬೆಳಿಗ್ಗೆ ಚೆಲ್ತೀವಿ. ಅಷ್ಟಕ್ಕೆ ಎಷ್ಟು ಹೋಗುತ್ತೆ?"

"ಒಂದು ಲೀಟರಿಗೆ, ನಮ್ಮ ಮಣ್ಣಿನಲ್ಲಾದ್ರೆ, ನೂರಕ್ಕೆ ಒಂಬತ್ತು ಪಾಲಿನಷ್ಟು."

ಅವರು ಕೂತರು. ಮತ್ತೆ ಎದ್ದರು. "ಹಾಗಾದ್ರೆ ನನ್ನ ಮೂರು ವರ್ಷವೂ ಬಚ್ಚಲಿಗೆ ಹೋಯ್ತು ಕಣ್ರೀ," ಎಂದರು. ಆಗ ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಆದರೆ ನಕ್ಕವರಲ್ಲಿ ಕೆಲವರು ಸಾರಾಂಶದ ಹಿಂಬದಿಯಲ್ಲಿ ಏನೋ ಗುಣಿಸಲು ಶುರು ಮಾಡಿದ್ದರು.

"ನೀರಿನ ಮೇಲೆ ಅನುಮಾನ ಬಂದಿದ್ದು ಹೇಗೆ?" ಎಂದು ಇನ್ನೊಬ್ಬರು ಕೇಳಿದರು.

"ನನಗೆ ಬರಲಿಲ್ಲ," ಎಂದೆ. "ಕೋಚಿಯಲ್ಲಿ ಸುಣ್ಣ ಸುಡುವ ಒಬ್ಬರಿಗೆ ಬಂತು."

ಅಪ್ಪ, ಆ ಏಳು ದಿನ ನಾನು ಕೋಣೆಯಲ್ಲಿ ಒಬ್ಬಳೇ ಇದ್ದುದು ಬೇರೆ ಕೆಲಸವಿಲ್ಲದ್ದರಿಂದ ಎಂದು ಬರೆದಿದ್ದೆ. ಊರಿಗೆ ಟಿಕೆಟ್ ಕೊಂಡು ನಿಲ್ದಾಣದವರೆಗೆ ಹೋಗಿ ವಾಪಸು ಬಂದಿದ್ದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಇತ್ಸುಕೊ


ತೋಕ್ಯೋ
ಫೆಬ್ರವರಿ 24, 1987

ಅಪ್ಪನಿಗೆ, ಅಮ್ಮನಿಗೆ,

ನಿನ್ನೆ ಹಿಮ ಬಿತ್ತು. ರೈಲು ನಿಂತಿತು, ಕೆಲಸಕ್ಕೆ ನಡೆದು ಹೋದೆ.

ಹುದ್ದೆ ಸೆಗಾವಾನಿಗೆ ಹೋಯಿತು. ನ್ಯಾಯವಾಗಿಯೇ ಹೋಯಿತು; ಅವನು ಎರಡನೇ ಮೀಟರ್ ಮುಗಿಸಿದ್ದಾನೆ, ಒಂದು ಚಿಪ್ಪೂ ತಪ್ಪಿಲ್ಲ. ತಿಳಿಸಲು ಬಂದವನು ನನಗಿಂತ ಹೆಚ್ಚು ಮುಜುಗರ ಪಟ್ಟುಕೊಂಡ. ಅವನಿಗೆ ಕಿತ್ತಳೆ ಹಣ್ಣು ಕೊಟ್ಟು ಕಳಿಸಿದೆ.

ತೊಂಬತ್ತು ಮಾದರಿಗಳನ್ನೂ ಹೊಸದಾಗಿ ಅಳೆದು ಮುಗಿಸಿದೆ. ನನ್ನ ಗೆರೆ ಈಗ ಬೇರೆಯವರ ಗೆರೆಯಂತೆಯೇ ಇದೆ. ಹಿಮಯುಗ ಬಂದಾಗ ಏರುತ್ತದೆ, ಬೆಚ್ಚಗಾದಾಗ ಇಳಿಯುತ್ತದೆ. ಹೊಸದೇನೂ ಇಲ್ಲ. ಆದರೂ ಅದನ್ನು ಗೋಡೆಗೆ ಅಂಟಿಸಿ ನೋಡುತ್ತಾ ಕೂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಐದು ಲಕ್ಷ ವರ್ಷ, ಒಂದು ಸುಳ್ಳೂ ಇಲ್ಲದೆ.

ಹೊಸೊಯಾ-ಸಾನ್ ಪತ್ರ ಬರೆದಿದ್ದಾರೆ. ಹಕೊದಾತೆಯಲ್ಲಿ ಅವರ ಸಣ್ಣ ಪ್ರಯೋಗಾಲಯಕ್ಕೆ ತೂಕದ ಕೋಣೆಯನ್ನು ಮೊದಲಿನಿಂದ ಕಟ್ಟಿ ನಡೆಸಲು ಒಬ್ಬರು ಬೇಕಂತೆ. "ನನ್ನ ಮೂರು ವರ್ಷ ನುಂಗಿದ ತಪ್ಪನ್ನು ಕಂಡವರು ನೀವೇ, ಉಳಿದ ವರ್ಷಗಳನ್ನೂ ನೀವೇ ಕಾಯಿರಿ" ಎಂದಿದ್ದಾರೆ. ಆದರೆ ಅದು ಮೂರು ವರ್ಷದ ಕೆಲಸ. ಕಾಯಂ ಅಲ್ಲ. ಒಪ್ಪಂದದಲ್ಲಿ ಕಾಯಂ ಎಂದಿತ್ತು. ಆದ್ದರಿಂದ ಅವರಿಗೆ ಬೇಡವೆಂದು ಬರೆಯುತ್ತಿದ್ದೇನೆ. ಏಪ್ರಿಲ್ ನಾಲ್ಕರಂದು ಊರಿಗೆ ಬರುತ್ತೇನೆ. ನನಗೆ ಬೇಸರವಿಲ್ಲ. ಇದ್ದರೂ ನಿಮಗೆ ತೋರಿಸುವುದಿಲ್ಲ.

ಇತ್ಸುಕೊ


ನಾನ್ಕೊಕು
ಮಾರ್ಚ್ 1, 1987

ಇತ್ಸುಕೊಗೆ,

ಗಾಳಿ ಜೋರಾಗಿದೆ. ಬುಂತಾನ್ ಚಕ್ಕೋತದ ಕಾಲ. ನಿನ್ನ ತಾಯಿ ಹಣ್ಣು ಸುಲಿದು ಸುಲಿದು ಮನೆಯಿಡೀ ಸಿಪ್ಪೆಯ ವಾಸನೆ.

ನಾಲ್ಕನೇ ತಾರೀಖು ಬರಬೇಡ.

ಮೊದಲನೆಯದಾಗಿ, ಜಾಗವಿಲ್ಲ. ನಿಷಿಮೊರಿಯ ಹೆಂಡತಿ ಫುಸಾ ಈ ಚಳಿಗಾಲದಿಂದ ಬೆಂಕಿಯ ಉಸ್ತುವಾರಿ ನೋಡುತ್ತಿದ್ದಾಳೆ. ಗೂಡಿನ ಬಾಯಿಯ ಬಣ್ಣ ನೋಡಿ ಶಾಖ ಹೇಳುತ್ತಾಳೆ, ನನಗಿಂತ ಸರಿಯಾಗಿ ಹೇಳುತ್ತಾಳೆ. ಮೊನ್ನೆ ನಾನು ಉಪ್ಪು ಹಾಕಲು ಹೋದರೆ, "ಯಜಮಾನ್ರೇ, ಇನ್ನೂ ಹೊತ್ತಾಗಿಲ್ಲ, ಹೋಗಿ ಚಹಾ ಕುಡೀರಿ" ಎಂದಳು. ಹೋಗಿ ಕುಡಿದೆ. ಈಗ ನೀನು ಬಂದು ಅವಳ ತಲೆಯ ಮೇಲೆ ಕೂತರೆ ಅವಳು ಬಿಟ್ಟು ಹೋಗುತ್ತಾಳೆ, ನನಗೆ ನಷ್ಟ.

ಎರಡನೆಯದಾಗಿ, ಆ ಒಪ್ಪಂದ ಊರ್ಜಿತವಲ್ಲ. ತೂಕ ತಪ್ಪಿದ್ದಾಗ ಮಾಡಿಕೊಂಡ ಮಾತು ನಿಲ್ಲುವುದಿಲ್ಲ, ಇದು ಕಸುಬಿನ ನಿಯಮ. ಆ ದಿನ ನಾನು ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ಗೂಡು ಇಟ್ಟೆ, ಇನ್ನೊಂದರಲ್ಲಿ ಕೆಸರು ಇಟ್ಟೆ. ಕೆಸರಿನಲ್ಲಿ ಏನಿದೆ ಎಂದು ನೋಡಿರಲಿಲ್ಲ. ನೋಡದೆ ತೂಗಿದೆ. ಇನ್ನೂರು ಜನರ ಮುಂದೆ ನೀನು ನಿನ್ನ ತೂಕ ತಪ್ಪೆಂದು ಹೇಳಿದೆ. ನಾನು ಒಬ್ಬಳ ಮುಂದೆ ಹೇಳುತ್ತಿದ್ದೇನೆ, ಅದೂ ಕಾಗದದಲ್ಲಿ. ಇದಕ್ಕಿಂತ ಹೆಚ್ಚು ನನ್ನಿಂದ ಆಗದು.

ಕಾಯಂ ಎಂಬ ಮಾತಿಗೂ ಅಂಟಿಕೊಳ್ಳಬೇಡ. ಒಂದು ಸೆಂಟಿಮೀಟರಿಗೆ ಆರುನೂರು ವರ್ಷ ಎಂದು ಬರೆದವಳು ನೀನು. ಅದರ ಮುಂದೆ ಮೂರು ವರ್ಷವೇನು, ಮೂವತ್ತೇನು.

ಹೊಸೊಯಾ ಅವರಿಗೆ ಬೇಡವೆಂದು ಬರೆದಿದ್ದರೆ, ಅಂಚೆಯಲ್ಲಿ ಕಳೆದುಹೋಗಿರಬೇಕು ಎಂದುಕೊಂಡು ಇನ್ನೊಂದು ಬರೆ. ಬರುತ್ತೇನೆ ಎಂದು ಬರೆ.

ಅಪ್ಪ

ಅಮ್ಮನಿಂದ: ನಿಮ್ಮಪ್ಪ ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ನಿನ್ನ ಸಾಮಾನು ಹೊತ್ತುಕೊಂಡು ಹಕೊದಾತೆಯವರೆಗೆ ಬರುವುದೆಂದು ನಿರ್ಧರಿಸಿದ್ದಾರೆ. ಬೆಳಿಗ್ಗೆ ನಿಲ್ದಾಣಕ್ಕೆ ಹೋಗಿ ಎರಡು ಟಿಕೆಟ್ ತಂದರು, ಇನ್ನೊಂದು ನನ್ನದು. ಕೇಳಿದವರಿಗೆಲ್ಲ "ಆ ಕಡೆ ಸುಣ್ಣದ ಕಲ್ಲು ಹೇಗಿದೆ ನೋಡ್ಬೇಕು" ಎನ್ನುತ್ತಿದ್ದಾರೆ. ಅಲ್ಲಿಗೆ ಹೋದ ಮೇಲೆ ಎಲ್ಲಾದರೂ ಒಂದು ಕಲ್ಲು ತೋರಿಸಿಬಿಡು. ಆಮೋರಿಯಿಂದ ನಾಲ್ಕು ಗಂಟೆ ಹಡಗಿನ ಪ್ರಯಾಣವಂತೆ. ಅವರಿಗೆ ದೋಣಿ ನೋಡಿದರೇ ಹೊಟ್ಟೆ ತೊಳೆಸುತ್ತದೆ, ಆ ವಿಚಾರ ನೀನು ಎತ್ತಬೇಡ. ಎತ್ತಿದರೆ ಟಿಕೆಟ್ ವಾಪಸು ಮಾಡುತ್ತಾರೆ, ಮತ್ತೆ ನಾನೇ ಜೊತೆಗೆ ಹೋಗಿ ಕೊಡಿಸಬೇಕಾಗುತ್ತದೆ.